ಎರಡನೇ ಗೇರು

ಒಬ್ದುಲಿಯಾಳ ಬಲಗೈ ಪ್ಲಾಸ್ಟರಿನೊಳಗೆ ಮಲಗಿ ಹದಿನೇಳು ದಿನ.
ನಾಳೆ ಶುಭ ಶುಕ್ರವಾರ.
ಲೊಯಿಸಾದ ನಮ್ಮ ಬೀದಿಯಲ್ಲಿ
ಆರೊಸ್ ಕೊನ್ ದುಲ್ಸೆ ಇಲ್ಲದೆ ಶುಕ್ರವಾರ ಬಂದದ್ದೇ ಇಲ್ಲ:
ತೆಂಗಿನ ಹಾಲಲ್ಲಿ ಬೆಂದು, ಬೆಂದು,
ತಾನು ಅಕ್ಕಿಯೆಂಬುದನ್ನೇ ಮರೆತ ಅಕ್ಕಿ.

ಕುರ್ಚಿ ಎಳೆದು ಅಡುಗೆಮನೆ ಬಾಗಿಲಿಗೆ ಅಡ್ಡ ಕೂತಳು.
"ನೀನೇ ಮಾಡು."
ನಾನು, ವೆನ್ಸೆಸ್ಲಾವೊ,
ಮೂವತ್ತೆಂಟು ವರ್ಷ ರಿಯೊ ಪಿಯೆದ್ರಾಸಿಗೆ ಬಸ್ಸು ಓಡಿಸಿದವನು,
ಈ ಒಲೆಯ ಮೇಲೆ ಇಂದಿನವರೆಗೆ
ಕಾಫಿಯನ್ನಷ್ಟೇ ಉಕ್ಕಿಸಿ ಚೆಲ್ಲಿದವನು.

ಅಕ್ಕಿ ನೆನೆಹಾಕಿದ್ದು ಅವಳೇ, ಎಡಗೈಯಲ್ಲಿ,
ನಾನು ಏಳುವ ಮೊದಲು.
ಕಾಯಿ ಒಡೆದದ್ದು ನಾನು. ಅದೊಂದು ಬರುತ್ತದೆ,
ನಡುವಿಗೆ ಮಚ್ಚಿನ ಬೆನ್ನಿಂದ ಒಂದೇ ಪೆಟ್ಟು.
ತುರಿಯುವಾಗ ಹೆಬ್ಬೆರಳೂ ಚೂರು ಹೋಯಿತು.
"ರಕ್ತ ಬಿತ್ತಾ?"
"ಇಲ್ಲ."
"ಬಿದ್ದಿದ್ದರೆ ಹೇಳು, ಆ ಸೌಟು ಫೆರ್ಮಿನಾಳ ತಟ್ಟೆಗೆ ಬಡಿಸೋಣ."

ತುರಿಗೆ ಬಿಸಿನೀರು ಹೊಯ್ದು, ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ.
ಮೊದಲ ಹಾಲು ಮುಚ್ಚಿಡು, ಅದು ಕೊನೆಗೆ.
ಎರಡನೆಯದು ತೆಳು, ಅದರಲ್ಲಿ ಅಕ್ಕಿ ಬೇಯಲಿ.
"ಒಳ್ಳೆಯದನ್ನು ಕೊನೆಗೇಕೆ?"
"ದಪ್ಪ ಹಾಲು ಬೆಂಕಿ ತಾಳುವುದಿಲ್ಲ. ಬೇಗ ಒಡೆಯುತ್ತದೆ,
ನಿನ್ನಮ್ಮನ ಸಿಟ್ಟಿನ ಹಾಗೆ."
ಅಮ್ಮ ತೀರಿ ಇಪ್ಪತ್ತು ವರ್ಷ. ಈ ಜಗಳ ಇನ್ನೂ ಬೇಯುತ್ತಿದೆ.

ಶುಂಠಿ, ಲವಂಗ ಕುದಿಸಿ ಸೋಸಿದ ಕಂದು ನೀರು,
ತೆಳು ಹಾಲು, ಮೂರು ಚಕ್ಕೆ, ನೆನೆದ ಅಕ್ಕಿ.
ಸಕ್ಕರೆ ಡಬ್ಬಿ ಎತ್ತಿದೆನೋ ಇಲ್ಲವೋ, ಕೂಗಿದಳು:
"ಈಗಲೇ ಅಲ್ಲ! ಅಗುಳು ಅರಳುವ ಮೊದಲು ಸಕ್ಕರೆ ಬಿದ್ದರೆ
ಮುನಿಸಿಕೊಂಡು ಗಟ್ಟಿಯಾಗುತ್ತದೆ, ಮತ್ತೆ ಮೆತ್ತಗಾಗುವುದಿಲ್ಲ."
ಅರಳಿದ ಮೇಲೆ ಎಷ್ಟು?
"ನಾಚಿಕೆಯಾಗುವಷ್ಟು. ಆಮೇಲೆ ಇನ್ನೊಂದು ಹಿಡಿ."

ತಿರುವಲು ಶುರುಮಾಡಿದೆ.
ಅವಳು ಪಾತ್ರೆ ನೋಡುತ್ತಿಲ್ಲ, ಕಣ್ಣು ಮುಚ್ಚಿದ್ದಾಳೆ,
ಬರೀ ಸದ್ದು ಕೇಳುತ್ತಿದ್ದಾಳೆ.
"ಜೋರಾಯಿತು. ಮುಂದೆ ಶಾಲೆ ಇದೆ."
ಉರಿ ತಗ್ಗಿಸಿದೆ.
"ಈಗ ಎರಡನೇ ಗೇರು. ಅದರಲ್ಲೇ ಹೋಗು."
ಹೋದೆ. ಸೌಟು ಅಂಗೈಯಲ್ಲಿ ಹಳೆಯ ಗೇರಿನ ಹಿಡಿಯಂತೆ ಅದುರಿತು.
ಗುಳುಗುಳು ಎನ್ನುತ್ತಿದ್ದದ್ದು ಪುಸಕ್ ಎಂದಿತು,
ಪುಸಕ್ ಎನ್ನುತ್ತಿದ್ದದ್ದು ಏದುಸಿರು ಬಿಡತೊಡಗಿತು.
ದ್ರಾಕ್ಷಿ ಉಬ್ಬಿದವು. ಕೊನೆಗೆ ಮೊದಲ ಹಾಲು,
ಚಿಟಿಕೆ ಉಪ್ಪು, ಮೇಲೆ ಹೊಳಪು ಕೆನೆ.

ಆಗ ಸಣ್ಣಗೆ ಸೀದ ವಾಸನೆ.
ಬಸ್ಸಿನಲ್ಲಾದರೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದೆ.
"ಕೆರೆಯಬೇಡ! ಮೇಲಿನದನ್ನು ಮಾತ್ರ ತೆಗೆ.
ಮೇಲಿನದು ಬೀದಿಯವರದು, ತಳ ನಮ್ಮಿಬ್ಬರದು."

ಹನ್ನೊಂದು ತಟ್ಟೆ ಸುರಿದೆ, ಆರಿಸಿದೆ, ಚಕ್ಕೆ ಪುಡಿ ಉದುರಿಸಿದೆ.
ಸಂಜೆ ಒಂದೊಂದೇ ನಿಲ್ದಾಣ.
ಡಬ್ಬಿ ಹಾಲಲ್ಲಿ ಮಾಡುವ ರಾಮೋನಾಳಿಗೂ ಕೊಟ್ಟೆ,
ಕಲಿಯಲಿ ಎಂದು.
ಫೆರ್ಮಿನಾ ಅಲ್ಲೇ ಬೆರಳಿಂದ ಗೀರಿ ನೆಕ್ಕಿದಳು:
"ಒಬ್ದುಲಿಯಾಳ ಕೈರುಚಿ, ನೋಡು, ಮುರಿದರೂ ಹೋಗಿಲ್ಲ!"
ನಾನು ಬಾಯಿ ತೆರೆದೆ.
ಹೆಬ್ಬೆರಳ ಪಟ್ಟಿ ಜೇಬಿಗೆ ತಳ್ಳಿ
"ಹೌದು" ಎಂದೆ.

ಮನೆಗೆ ಬಂದರೆ ಅವಳು ನನ್ನನ್ನು ಕಾಯದೆ
ಪಾತ್ರೆ ತೊಡೆಯ ಮೇಲಿಟ್ಟುಕೊಂಡು ತಳ ಕೆರೆಯುತ್ತಿದ್ದಳು,
ಹೊಗೆಯ ರುಚಿ, ಕಂದು ಹಲ್ಲೆ, ಕಟುಂ ಎನ್ನುವ ಸಿಹಿ.
ನನಗೂ ಚೂರು ಉಳಿಸಿದ್ದಳು. ಚೂರೇ.

ತೊಳೆಯುವಾಗ ಎಣಿಸಿದೆ: ಹಾಕಿದ್ದು ಮೂರು ಚಕ್ಕೆ,
ಸಿಕ್ಕಿದ್ದು ಎರಡು.
ಯಾರ ತಟ್ಟೆಗೆ ಹೋಯಿತೋ, ಯಾರ ಗಂಟಲಿಗೋ,
ಹನ್ನೊಂದು ಮನೆಯ ಬಾಗಿಲು ಮತ್ತೆ ತಟ್ಟಬೇಕೆ ಎಂದು ತಿರುಗಿದರೆ,
ಒಬ್ದುಲಿಯಾ ಕಣ್ಣು ಮುಚ್ಚಿ, ಪರಮ ಸುಖದಲ್ಲಿ,
ಪ್ಲಾಸ್ಟರಿನೊಳಕ್ಕೆ ಉದ್ದನೆಯ ಚಕ್ಕೆ ತೂರಿಸಿ
ಹದಿನೇಳು ದಿನದ ತುರಿಕೆಯನ್ನು
ನಿಧಾನ, ಎರಡನೇ ಗೇರಿನಲ್ಲಿ
ಕೆರೆದುಕೊಳ್ಳುತ್ತಿದ್ದಾಳೆ.